ಈ ಬಿಲ್ ಪಕ್ಷದ್ದೋ, ಅಭ್ಯರ್ಥಿಯದ್ದೋ?

2023ರ ವಿಧಾನಸಭಾ ಚುನಾವಣೆಯಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಅಭ್ಯರ್ಥಿಯ ಖರ್ಚಿನ ಲೆಕ್ಕ ನಾನೇ ಬರೆದೆ. ವರ್ಷವಿಡೀ ಅಂಗಡಿಗಳ ಜಿಎಸ್‌ಟಿ ನೋಡುವ ಕೆಲಸ ನನ್ನದು. ಕೂಡುವುದು, ಕಳೆಯುವುದು ಕಷ್ಟವಲ್ಲ. ತಲೆ ಕೆಡಿಸುವುದು ಒಂದೇ ಪ್ರಶ್ನೆ: ಕೈಗೆ ಬಂದ ಬಿಲ್ ಯಾರ ಲೆಕ್ಕಕ್ಕೆ?

ವಿಧಾನಸಭೆಗೆ ನಿಂತವರಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷದ ಮಿತಿ ಇದೆ. 2022ರ ಜನವರಿಯಲ್ಲಿ ಇಷ್ಟಕ್ಕೆ ಏರಿಸಿದರು. ಪಕ್ಷಕ್ಕೆ ಮಾತ್ರ ಮಿತಿಯೇ ಇಲ್ಲ. ಹಾಗಾಗಿ ಎಲ್ಲ ಬಿಲ್‌ಗಳನ್ನೂ ಪಕ್ಷದ ಕಡೆ ತಳ್ಳೋಣ ಅಂತ ಕಾರ್ಯಕರ್ತರಿಗೆ ಅನಿಸುವುದು ಸಹಜ. ಕಾನೂನು ಅದಕ್ಕೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ನಾಮಪತ್ರಕ್ಕೆ ಮೊದಲೇ ಚುನಾವಣೆಗೆಂದು ಬೇರೆ ಬ್ಯಾಂಕ್ ಖಾತೆ ತೆರೆಸಿದೆ. ಒಬ್ಬರಿಗೆ 10 ಸಾವಿರಕ್ಕಿಂತ ಜಾಸ್ತಿ ಕೊಡುವುದಿದ್ದರೆ ಚೆಕ್ ಅಥವಾ ಆನ್‌ಲೈನ್, ನಗದು ಇಲ್ಲ. ಅಧಿಕಾರಿಗಳು ಕೊಡುವ ರಿಜಿಸ್ಟರ್‌ನಲ್ಲಿ ಮೂರು ಬಣ್ಣದ ಹಾಳೆ ಇರುತ್ತವೆ: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ ಎಲ್ಲವೂ ಇದರಲ್ಲಿ ಬರಬೇಕು. ಮೊದಲೇ ಮಾಡಿಸಿಟ್ಟ ಶಾಲು, ಬಾವುಟಗಳನ್ನು ಆಮೇಲೆ ಬಳಸಿದರೆ ಅವುಗಳ ಬೆಲೆಯೂ ಬರಬೇಕು.

ಹೆಚ್ಚು ಗೊಂದಲ ಆಗುವುದು ದೊಡ್ಡ ಸಭೆಗಳಲ್ಲಿ. ಪಕ್ಷದ ದೊಡ್ಡ ನಾಯಕರು ನೆಹರು ಮೈದಾನಕ್ಕೆ ಬರುತ್ತಾರೆ ಅಂದುಕೊಳ್ಳಿ. ಅವರ ಹೆಸರು ತಾರಾ ಪ್ರಚಾರಕರ ಪಟ್ಟಿಯಲ್ಲಿದ್ದರೆ ಅವರು ಬಂದುಹೋಗುವ ಖರ್ಚು ಪಕ್ಷದ್ದು. ಮಾನ್ಯತೆ ಪಡೆದ ಪಕ್ಷ 40 ಹೆಸರು ಕೊಡಬಹುದು, ಉಳಿದ ನೋಂದಾಯಿತ ಪಕ್ಷಗಳು 20. ಅಧಿಸೂಚನೆ ಹೊರಟ 7 ದಿನದೊಳಗೆ ಪಟ್ಟಿ ಚುನಾವಣಾ ಆಯೋಗಕ್ಕೆ ಸೇರಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ಈ ವಿನಾಯಿತಿ ಇಲ್ಲ. ಆದ್ದರಿಂದ ಯಾರೇ ಬರುತ್ತಾರೆ ಅಂದರೂ ನಾನು ಮೊದಲು ಪಟ್ಟಿ ತೆಗೆದು ನೋಡುತ್ತಿದ್ದೆ.

ಇನ್ನು ವೇದಿಕೆ, ಪೆಂಡಾಲ್, ಕುರ್ಚಿ, ಮೈಕು. ಬರೀ ಪಕ್ಷದ ಪ್ರಚಾರವಾಗಿದ್ದರೆ ಪಕ್ಷದ ಖರ್ಚು. ಅಭ್ಯರ್ಥಿ ವೇದಿಕೆ ಹತ್ತಿದರೆ, ಅವರ ಹೆಸರು ಹೇಳಿ ಮತ ಕೇಳಿದರೆ ಅಥವಾ ಅವರ ಫೋಟೋ ಬ್ಯಾನರ್‌ನಲ್ಲಿದ್ದರೆ ಅದು ಅಭ್ಯರ್ಥಿಯ ಖರ್ಚು. ಹಲವು ಅಭ್ಯರ್ಥಿಗಳಿದ್ದರೆ ಸಮನಾಗಿ ಹಂಚಬೇಕು. ಹುಬ್ಬಳ್ಳಿ-ಧಾರವಾಡ ಪೂರ್ವ, ಸೆಂಟ್ರಲ್, ಪಶ್ಚಿಮ, ಕುಂದಗೋಳ, ಕಲಘಟಗಿ ಹೀಗೆ ಐವರು ಕೂತ ಸಭೆಗೆ 6 ಲಕ್ಷ ಖರ್ಚಾಯಿತು ಅಂದರೆ ತಲಾ 1 ಲಕ್ಷ 20 ಸಾವಿರ. ವೇದಿಕೆಯ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿದ್ದೆ ಅಂದರೂ ಪಾಲು ತಪ್ಪುವುದಿಲ್ಲ. ಅದಕ್ಕೇ ಬ್ಯಾನರ್ ಪ್ರಿಂಟ್‌ಗೆ ಹೋಗುವ ಮೊದಲೇ ಡಿಸೈನ್ ನನಗೆ ಕಳಿಸಿ ಅಂತ ಹಟ ಹಿಡಿದಿದ್ದೆ. ಯಾರ ಫೋಟೋ ಇದೆ ಅಂತ ನೋಡಿದರೆ ಲೆಕ್ಕ ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಗಾಡಿಯ ವಿಷಯದಲ್ಲೂ ಹೀಗೇ. ತಾರಾ ಪ್ರಚಾರಕರ ವಾಹನದಲ್ಲಿ ಅಭ್ಯರ್ಥಿ ಜೊತೆಗೆ ಹತ್ತಿದರೆ ಆ ಪ್ರಯಾಣದ ಅರ್ಧ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. ನಮ್ಮವರಿಗೆ ಇದನ್ನು ಮೊದಲೇ ಹೇಳಿದ್ದೆ. ಅವರು ಪ್ರಚಾರಕ್ಕೆ ಅನುಮತಿ ಪಡೆದ ತಮ್ಮ ಗಾಡಿಯಲ್ಲೇ ಹಿಂದೆ ಹೋಗುತ್ತಿದ್ದರು.

ಒಂದು ಸಭೆಯಾದ ಮೇಲೆ ಪೆಂಡಾಲ್‌ನವರು 'ಸಭೆಯ ಒಟ್ಟು ಖರ್ಚು' ಅಂತ ಒಂದೇ ಸಾಲಿನ ಬಿಲ್ ಕೊಟ್ಟರು. ವಾಪಸ್ ಕಳಿಸಿದೆ. ಕುರ್ಚಿ ಎಷ್ಟು, ಫ್ಯಾನ್ ಎಷ್ಟು, ಎಲ್‌ಇಡಿ ಪರದೆ ಎಷ್ಟು, ಒಂದೊಂದಕ್ಕೆ ಬಾಡಿಗೆ ಎಷ್ಟು, ಬಿಡಿಸಿ ಬರೆಸಿಕೊಂಡೆ. ಯಾಕೆಂದರೆ ಚುನಾವಣಾ ಅಧಿಕಾರಿಗಳ ವಿಡಿಯೋ ತಂಡದವರು ಅದೇ ಸಭೆಯನ್ನು ಚಿತ್ರೀಕರಿಸಿರುತ್ತಾರೆ. ಅದನ್ನು ನೋಡಿ, ಜಿಲ್ಲೆಯ ದರಪಟ್ಟಿ ಹಿಡಿದು, ಅಧಿಕಾರಿಗಳು ಅಭ್ಯರ್ಥಿಯ ಖರ್ಚಿನದೇ ಇನ್ನೊಂದು ಲೆಕ್ಕ, ಅಂದರೆ ಶ್ಯಾಡೋ ರಿಜಿಸ್ಟರ್, ತಾವೇ ಬರೆಯುತ್ತಾರೆ. ಪ್ರಚಾರದ ಸಮಯದಲ್ಲಿ ಕನಿಷ್ಠ ಮೂರು ಸಲ ಆಯೋಗ ನೇಮಿಸಿದ ವೆಚ್ಚ ವೀಕ್ಷಕರ ಮುಂದೆ ನಮ್ಮ ರಿಜಿಸ್ಟರ್, ಅವರ ರಿಜಿಸ್ಟರ್ ಎರಡನ್ನೂ ಇಟ್ಟು ತಾಳೆ ನೋಡುತ್ತಾರೆ. ಒಟ್ಟು ಮೊತ್ತವಷ್ಟೇ ಇದ್ದರೆ ಎಲ್ಲಿ ವ್ಯತ್ಯಾಸ ಬಂತು ಅಂತ ಹೇಳಲಾಗದು. ಬಿಡಿಸಿ ಬರೆದಿದ್ದರೆ ಕುರ್ಚಿಯ ಸಾಲಿಗೆ ಬೆರಳಿಟ್ಟು ಮಾತಾಡಬಹುದು. ನಮ್ಮ ಸಭೆಯ ಲೆಕ್ಕ ಹಾಗೇ ಬಗೆಹರಿಯಿತು.

ಮೇ 13ಕ್ಕೆ ಫಲಿತಾಂಶ ಬಂತು. ಗೆದ್ದವರೂ ಸೋತವರೂ 30 ದಿನದೊಳಗೆ, ಅಂದರೆ ಜೂನ್ 12ರೊಳಗೆ, ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕಿತ್ತು. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಪಕ್ಷ ತನ್ನ ಲೆಕ್ಕವನ್ನು 75 ದಿನದೊಳಗೆ ಆಯೋಗಕ್ಕೆ ಕೊಡಬೇಕು. ಲೋಕಸಭೆಗಾದರೆ 90 ದಿನ. ಅಭ್ಯರ್ಥಿಗೆ ಪಕ್ಷ ಕೊಟ್ಟ ಹಣ ಎರಡೂ ಕಡೆ ಒಂದೇ ಆಗಿರಬೇಕಲ್ವಾ? ಹಾಗಾಗಿ ಎಷ್ಟು ಕೊಟ್ಟರು, ಯಾವ ದಿನ, ಯಾವ ಚೆಕ್ ಅಂತ ಪಕ್ಷದ ಕಚೇರಿಯಿಂದ ಪತ್ರ ಬರೆಸಿಕೊಂಡು ಫೈಲಿಗೆ ಸೇರಿಸಿದೆ.

ಪಕ್ಷದ ಖರ್ಚಿಗೂ ಮಿತಿ ಬೇಕು ಅಂತ ಈ ಕೆಲಸ ಮಾಡಿದ ಮೇಲೆ ನನಗೆ ಬಲವಾಗಿ ಅನಿಸಿದೆ. ಅಭ್ಯರ್ಥಿಯ ಚಹಾ, ಗಿರ್ಮಿಟ್‌ವರೆಗೆ ಲೆಕ್ಕ ಕೇಳುವಾಗ ಹೆಲಿಕಾಪ್ಟರ್‌ಗೆ ಮಿತಿಯೇ ಇಲ್ಲ ಅನ್ನುವುದು ನ್ಯಾಯವಲ್ಲ. ಅದು ಆಗುವವರೆಗೆ ನಾವು ಮಾಡಬಹುದಾದ ಕೆಲಸವೊಂದಿದೆ. ಅಭ್ಯರ್ಥಿ ಸಲ್ಲಿಸಿದ ಲೆಕ್ಕವನ್ನು ನಿಯಮದ ಪ್ರಕಾರ 1 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಓಣಿಯಲ್ಲಿ ನಡೆದ ಸಭೆ ಅದರಲ್ಲಿದೆಯಾ, ಯಾರ ಹೆಸರಿಗೆ ಬಿದ್ದಿದೆ ಅಂತ ಧಾರವಾಡದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕೇಳಿ.