‘ಯಾವುದಾದ್ರೂ ಒಳ್ಳೇ ಸಿನಿಮಾ ಹೇಳು’ ಅಂದವರಿಗೆ ಯಾವುದು ಹೇಳಬೇಕು?

ಕೆಲವು ವರ್ಷಗಳ ಹಿಂದೆ ನಮ್ಮ ಭಾವ ಕೇಳಿದರು, ‘ನೀನು ದೇಶವಿದೇಶದ ಸಿನಿಮಾ ಎಲ್ಲಾ ನೋಡ್ತೀಯಲ್ಲ, ನಮಗೂ ಒಂದು ಹೇಳು.’ ನನಗೆ ಖುಷಿಯೋ ಖುಷಿ. ಒಂದು ಕ್ಷಣ ಯೋಚಿಸದೆ ‘ಟೋಕಿಯೊ ಸ್ಟೋರಿ’ ಅಂದೆ. ಯಸುಜಿರೊ ಓಜು 1953ರಲ್ಲಿ ಮಾಡಿದ ಜಪಾನಿ ಚಿತ್ರ. ವಯಸ್ಸಾದ ಅಪ್ಪ ಅಮ್ಮ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಅಷ್ಟೇ ಕಥೆ. ಕಪ್ಪು ಬಿಳುಪು, 136 ನಿಮಿಷ. ಕ್ಯಾಮೆರಾ ನೆಲದ ಹತ್ತಿರ ಕೂತಿತು ಅಂದರೆ ಏಳುವುದೇ ಅಪರೂಪ. ನನಗೆ ಪ್ರಾಣ ಆ ಸಿನಿಮಾ.

ಭಾವ ಅದನ್ನು ಭಾನುವಾರ ರಾತ್ರಿ ಹತ್ತು ಗಂಟೆಗೆ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹಾಕಿದರಂತೆ. ಮರುದಿನ ಫೋನು. ‘ಚೆನ್ನಾಗಿದೆ ಕಣೋ. ಆದ್ರೆ ಅದರಲ್ಲಿ ಯಾರೂ ಏನೂ ಮಾಡೋದೇ ಇಲ್ವಲ್ಲ?’ ಆಮೇಲೆ ಎರಡು ವರ್ಷ ನನ್ನ ಹತ್ತಿರ ಸಿನಿಮಾ ವಿಷಯವನ್ನೇ ಎತ್ತಲಿಲ್ಲ.

ತಪ್ಪು ಭಾವನದಲ್ಲ, ಓಜುವಿನದಂತೂ ಅಲ್ಲವೇ ಅಲ್ಲ. ನನ್ನದು. ಅವರು ತಮಗೊಂದು ಸಿನಿಮಾ ಕೇಳಿದ್ದರು, ನಾನು ನನ್ನ ಸಿನಿಮಾ ಹೇಳಿದ್ದೆ. ಬೇರೆ ಭಾಷೆಯ ಚಿತ್ರ, ಸಣ್ಣ ದುಡ್ಡಿನಲ್ಲಿ ಮಾಡಿದ ಸ್ವತಂತ್ರ ಚಿತ್ರಗಳನ್ನು ಮನೆಯವರಿಗೆ, ಗೆಳೆಯರಿಗೆ ಹೇಳಬೇಕು ಅಂತ ನಿಮಗೂ ಆಸೆ ಇದ್ದರೆ ನಾನು ಪೆಟ್ಟು ತಿಂದು ಕಲಿತ ಕ್ರಮ ಹೀಗಿದೆ.

ಮೊದಲು ಕೇಳಿ, ಆಮೇಲೆ ಹೇಳಿ

ನಿಮ್ಮ ಪಟ್ಟಿ ಪಕ್ಕಕ್ಕಿರಲಿ. ಮೂರು ಪ್ರಶ್ನೆ ಕೇಳಿ. ಇತ್ತೀಚೆಗೆ ಫೋನ್ ಮುಟ್ಟದೆ ಪೂರ್ತಿ ನೋಡಿದ ಸಿನಿಮಾ ಯಾವುದು? ಈ ಸಲ ಯಾರ ಜೊತೆ ಕೂತು ನೋಡ್ತೀರಿ? ಎಷ್ಟು ಹೊತ್ತು ಇದೆ?

ಮೊದಲ ಪ್ರಶ್ನೆಯನ್ನು ‘ನಿಮಗೆ ಯಾವ ಥರದ ಸಿನಿಮಾ ಇಷ್ಟ’ ಅಂತ ಕೇಳಬೇಡಿ. ಆಗ ಎಲ್ಲರೂ ಕೊಡುವ ಉತ್ತರ ಒಂದೇ, ‘ಎಲ್ಲಾ ಥರದ್ದೂ ನೋಡ್ತೀನಿ.’ ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತು. ಫೋನ್ ಮುಟ್ಟದೆ ನೋಡಿದ್ದು ಯಾವುದು ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ. ಎರಡನೆಯದು ಮುಜುಗರ ತಪ್ಪಿಸುವ ಪ್ರಶ್ನೆ. ಶಾನ್ ಬೇಕರ್ ಅವರ ‘ಟ್ಯಾಂಜರೀನ್’ (2015) ಐಫೋನ್ 5ಎಸ್‌ನಲ್ಲಿ ಚಿತ್ರೀಕರಿಸಿದ, ಜೀವ ತುಂಬಿ ತುಳುಕುವ ಸಿನಿಮಾ. ಆದರೆ ಲೈಂಗಿಕ ವೃತ್ತಿಯಲ್ಲಿರುವವರ ಒಂದು ದಿನದ ಕಥೆ ಅದು, ಬೈಗುಳಕ್ಕೆ ಲೆಕ್ಕವಿಲ್ಲ. ಅತ್ತೆ ಮಾವನ ಜೊತೆ ಕೂತು ನೋಡಿ ಅಂತ ಹೇಳಿ ಕಳಿಸಿದರೆ ಸಂಬಂಧ ಕೆಡುತ್ತದೆ.

ಅವರ ರುಚಿಯ ಎಳೆ ಹಿಡಿದು ಹುಡುಕಿ

‘ವಿದೇಶಿ ಸಿನಿಮಾ’ ಅನ್ನುವುದು ಒಂದು ಜಾತಿ ಅಲ್ಲ. ಅದರಲ್ಲೂ ಕೊಲೆ ಇದೆ, ಅತ್ತೆ ಸೊಸೆ ಜಗಳ ಇದೆ, ಓಟ ಇದೆ, ಬಿದ್ದು ಬಿದ್ದು ನಗುವುದೂ ಇದೆ. ಸ್ವತಂತ್ರ ಸಿನಿಮಾ ಅಂದರೂ ಅಷ್ಟೆ. ದೊಡ್ಡ ಸ್ಟುಡಿಯೊದ ದುಡ್ಡು, ಹಿಡಿತ ಇಲ್ಲದೆ ಮಾಡಿದ್ದು ಅಂತ ಅರ್ಥವೇ ಹೊರತು ನಿಧಾನ, ಬೇಸರ, ಕತ್ತಲೆ ಅಂತಲ್ಲ. ಹಾಗಾಗಿ ಮುಂದೆ ಕೂತವರು ಈಗಾಗಲೇ ಏನನ್ನು ಇಷ್ಟಪಡುತ್ತಾರೋ ಅದೇ ದಾರಿಯಲ್ಲಿ ಹೋಗಿ. ಭಾಷೆ ಒಂದೇ ಹೊಸದಾಗಿರಲಿ.

ಸಬ್‌ಟೈಟಲ್ ಓದಿ ಗೊತ್ತೇ ಇಲ್ಲದವರಿಗೆ ನಾನು ಈಗ ಕೊಡುವುದು ‘ದಿ ರೆಡ್ ಬಲೂನ್’. 1956ರ ಫ್ರೆಂಚ್ ಚಿತ್ರ, ನಿರ್ದೇಶಕ ಆಲ್ಬೆರ್ ಲಾಮೊರಿಸ್. ಪ್ಯಾರಿಸ್ಸಿನ ಬೀದಿಯಲ್ಲಿ ಒಬ್ಬ ಪುಟ್ಟ ಹುಡುಗನ ಹಿಂದೆ ಒಂದು ಕೆಂಪು ಬಲೂನು ನಾಯಿಮರಿಯ ಹಾಗೆ ಸುತ್ತುತ್ತದೆ. 34 ನಿಮಿಷ, ಮಾತು ಇಲ್ಲವೆಂಬಷ್ಟು ಕಡಿಮೆ. ತಮಾಷೆ ಏನೆಂದರೆ ಮಾತೇ ಇಲ್ಲದ ಈ ಚಿತ್ರಕ್ಕೆ ಬಂದ ಆಸ್ಕರ್ ಚಿತ್ರಕಥೆಗೆ!

ಥ್ರಿಲ್ಲರ್ ಪ್ರಿಯರಾ? ಜರ್ಮನಿಯ ‘ರನ್ ಲೋಲಾ ರನ್’ (1998). ಪ್ರಿಯಕರನ ಪ್ರಾಣ ಉಳಿಸಲು ಲೋಲಾ 20 ನಿಮಿಷದಲ್ಲಿ ಒಂದು ಲಕ್ಷ ಮಾರ್ಕ್ ಹೊಂದಿಸಬೇಕು. ಅದೇ ಓಟ ಮೂರು ಸಲ, ಮೂರು ಥರ. ಸುಮಾರು 80 ನಿಮಿಷ. ಸಬ್‌ಟೈಟಲ್ ಓದುತ್ತಿದ್ದೀವಿ ಅನ್ನುವುದೇ ಮರೆತುಹೋಗುತ್ತದೆ. ಒಬ್ಬನ ಮಾತು ನಂಬಬೇಕೋ ಇನ್ನೊಬ್ಬನ ಮಾತೋ ಎಂಬಂಥ ಕಥೆ ಬೇಕಾದರೆ ಜಪಾನಿನ ಕುರೊಸಾವಾ ಅವರ ‘ರಾಶೊಮೊನ್’ (1950). ಒಂದೇ ಸಾವು, ನಾಲ್ಕು ಹೇಳಿಕೆ, 88 ನಿಮಿಷ. ಹಳೆಯದು ಅಂತ ಹಿಂಜರಿಯುವವರಿಗೆ ಅವಧಿ ಹೇಳಿದರೆ ಸಾಕು, ಒಪ್ಪಿಬಿಡುತ್ತಾರೆ.

ಮನೆಯೊಳಗಿನ ಜಗಳ, ಕೋರ್ಟು ಕಚೇರಿ ಇಷ್ಟಪಡುವವರಿಗೆ ಇರಾನಿನ ಅಸ್ಗರ್ ಫರ್ಹಾದಿ ಅವರ ‘ಎ ಸೆಪರೇಷನ್’ (2011). ಹೆಂಡತಿಗೆ ದೇಶ ಬಿಟ್ಟು ಹೋಗಬೇಕು. ಗಂಡನಿಗೆ ಮರೆವಿನ ಕಾಯಿಲೆಯ ಅಪ್ಪನನ್ನು ಬಿಟ್ಟು ಬರಲಾಗದು. ಅಪ್ಪನನ್ನು ನೋಡಿಕೊಳ್ಳಲು ಬಂದ ಹೆಂಗಸಿನ ಜೊತೆ ನಡೆದ ಒಂದು ಜಟಾಪಟಿ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಇಲ್ಲಿ ಖಳನೇ ಇಲ್ಲ. ಯಾರು ಬಾಯಿ ತೆರೆದರೂ ‘ಹೌದಲ್ಲ, ಇವರದ್ದೂ ಸರಿ’ ಅನ್ನಿಸುತ್ತದೆ. ಸೀರಿಯಲ್ ಬಿಟ್ಟು ಬೇರೇನೂ ನೋಡದವರು ಇದನ್ನು ಕಣ್ಣು ಮಿಟುಕಿಸದೆ ನೋಡಿದ್ದನ್ನು ನಾನೇ ನೋಡಿದ್ದೇನೆ. ಆಸ್ಕರ್ ಬಂದಿದೆ, ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಕೂಡ. ಅದನ್ನು ಹೇಳದಿದ್ದರೂ ನಡೆಯುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಜಪಾನಿನ ಮಿಯಾಝಾಕಿ ಅವರ ಕಾರ್ಟೂನ್ ಚಿತ್ರ ‘ಮೈ ನೇಬರ್ ಟೊಟೊರೊ’ (1988). ಚಿಕ್ಕ ಮಕ್ಕಳಿಗೆ ಡಬ್ ಆಗಿರುವುದನ್ನೇ ಹಾಕಿ, ಅದರಲ್ಲಿ ಅವಮಾನವೇನೂ ಇಲ್ಲ. ಓದಲು ಬರುವ ಮಕ್ಕಳಿದ್ದರೆ ಇರಾನಿನ ಎರಡು ಚಿತ್ರಗಳಿವೆ. ಮಜೀದ್ ಮಜೀದಿ ಅವರ ‘ಚಿಲ್ಡ್ರನ್ ಆಫ್ ಹೆವನ್’ (1997), ತಂಗಿಯ ಶೂ ಕಳೆದುಹಾಕಿದ ಅಣ್ಣ, ಇರುವ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಂಡು ಶಾಲೆಗೆ ಹೋಗುವ ಕಥೆ. ಇನ್ನೊಂದು ಅಬ್ಬಾಸ್ ಕಿಯಾರೊಸ್ತಮಿ ಅವರ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್?’ (1987), ತಪ್ಪಿ ತನ್ನ ಚೀಲಕ್ಕೆ ಬಂದ ಗೆಳೆಯನ ನೋಟ್‌ಬುಕ್ ಕೊಡಲು ಪಕ್ಕದ ಊರಿಗೆ ಓಡುವ ಹುಡುಗ. ಎರಡೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತವೆ. ಮೊದಲು ಮಜೀದಿ, ಆಮೇಲೆ ಕಿಯಾರೊಸ್ತಮಿ. ತಿರುಗಾಮುರುಗಾ ಮಾಡಬೇಡಿ, ಎರಡನೆಯದರ ಓಟ ಬಹಳ ನಿಧಾನ.

‘ನಾನೂ ಒಂದು ಸಿನಿಮಾ ಮಾಡ್ಬೇಕು’ ಅಂತ ಓಡಾಡುವ ಹುಡುಗ ಹುಡುಗಿ ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ ಅಲ್ವಾ? ಅವರಿಗೆ ಕ್ರಿಸ್ಟೊಫರ್ ನೋಲನ್ ಅವರ ಮೊದಲ ಚಿತ್ರ ‘ಫಾಲೋಯಿಂಗ್’ (1998). ಚಿತ್ರತಂಡದ ಎಲ್ಲರಿಗೂ ವಾರವಿಡೀ ಬೇರೆ ಕೆಲಸ. ಹಾಗಾಗಿ ಸುಮಾರು ಒಂದು ವರ್ಷ ಬರೀ ಶನಿವಾರಗಳಲ್ಲಿ ಶೂಟಿಂಗ್. ಫಿಲ್ಮ್ ದುಬಾರಿ, ಅದಕ್ಕೆ ರಿಹರ್ಸಲ್ ಜಾಸ್ತಿ, ಟೇಕ್ ಒಂದೋ ಎರಡೋ. ರಾಬರ್ಟ್ ರೊಡ್ರಿಗಸ್ ‘ಎಲ್ ಮರಿಯಾಚಿ’ (1992) ಚಿತ್ರೀಕರಿಸಿದ್ದು ಸುಮಾರು 7,000 ಡಾಲರಿನಲ್ಲಿ. ಈ ಎರಡನ್ನೂ ನೋಡಿದ ಮೇಲೆ ‘ಕ್ಯಾಮೆರಾ ಇಲ್ಲ’ ಅನ್ನುವ ನೆಪ ಸ್ವಲ್ಪ ದಿನ ಕೇಳಿಸುವುದಿಲ್ಲ.

ಒಂದೇ ಒಂದು ಹೇಳಿ

ಹತ್ತು ಹೆಸರು ಕೊಟ್ಟರೆ ಅವರು ಒಂದನ್ನೂ ನೋಡುವುದಿಲ್ಲ. ಒಂದು ಹೇಳಿ. ಸಿಗದಿದ್ದರೆ ಇರಲಿ ಅಂತ ಇನ್ನೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಬಾಯಿ ಬಿಡಬೇಡಿ.

ಹೇಳುವುದಕ್ಕೂ ಒಂದು ರೀತಿ ಇದೆ

ಹೆಸರಿನ ಜೊತೆ ವರ್ಷ, ನಿರ್ದೇಶಕರ ಹೆಸರು, ಅವಧಿ ಇಷ್ಟನ್ನೂ ಬರೆದು ಕಳಿಸಿ. ಸುಮ್ನೆ ‘ಓಲ್ಡ್‌ಬಾಯ್ ನೋಡು’ ಅಂದರೆ ಗೆಳೆಯ 2003ರ ಕೊರಿಯನ್ ಚಿತ್ರದ ಬದಲು 2013ರ ಅಮೆರಿಕನ್ ರೀಮೇಕ್ ನೋಡಿಕೊಂಡು ಬಂದು ‘ಇದರಲ್ಲೇನಿದೆ’ ಅನ್ನಬಹುದು. ‘ದಿ ವ್ಯಾನಿಷಿಂಗ್’ ಕಥೆ ಇನ್ನೂ ವಿಚಿತ್ರ. 1988ರಲ್ಲಿ ಒಂದು, 1993ರಲ್ಲಿ ಹಾಲಿವುಡ್‌ನಲ್ಲಿ ಅದರದೇ ರೀಮೇಕ್, ಎರಡಕ್ಕೂ ನಿರ್ದೇಶಕ ಜಾರ್ಜ್ ಸ್ಲುಯ್ಜರ್ ಅವರೇ. ಬೇಕಾಗಿರುವುದು ಹಳೆಯದು. ಒಂದೇ ಚಿತ್ರಕ್ಕೆ ಎರಡು ಮೂರು ಹೆಸರು ಇರುವುದೂ ಉಂಟು. ಇಟಲಿಯ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಅಮೆರಿಕದಲ್ಲಿ ‘ದಿ ಬೈಸಿಕಲ್ ಥೀಫ್’ ಆಗಿತ್ತು, ಕಳ್ಳರು ಹೋಗಿ ಒಬ್ಬನೇ ಕಳ್ಳ. ನೋಡಿದವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತು.

ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಿ, ಮೊದಲ ಹದಿನೈದು ನಿಮಿಷದಲ್ಲಿ ನಡೆಯುವುದನ್ನು ಮಾತ್ರ. ‘ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ, ಅಪ್ಪ ಮಗ ಹುಡುಕುತ್ತಾರೆ.’ ಸಾಕು. ಆ ಅಪ್ಪನ ಪಾತ್ರ ಮಾಡಿದ್ದು ನಟನಲ್ಲ, ಕಾರ್ಖಾನೆಯ ಕೆಲಸಗಾರ ಅಂತ ಬೇಕಾದರೆ ಸೇರಿಸಿ, ನೋಡುವ ಆಸೆ ಹೆಚ್ಚುತ್ತದೆ. ‘ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ’ ಅಂತ ಮಾತ್ರ ಹೇಳಲೇಬೇಡಿ, ಇಡೀ ಸಿನಿಮಾ ಆ ಟ್ವಿಸ್ಟ್ ಕಾಯುವುದರಲ್ಲೇ ಕಳೆದುಹೋಗುತ್ತದೆ. ‘ಪ್ಯಾರಸೈಟ್’ (2019) ಥರದ ಚಿತ್ರಕ್ಕೆ ಟ್ರೇಲರ್ ಕೂಡ ಬೇಡ ಅನ್ನಿ. ‘ಮಾಸ್ಟರ್‌ಪೀಸ್’, ‘ಕ್ಲಾಸಿಕ್’ ಪದಗಳೂ ಬೇಡ. ಆ ಮಾತು ಕೇಳಿದ ಕೂಡಲೇ ಜನ ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಪ್ರಶಸ್ತಿಯನ್ನು ನಂಬಬೇಕಾ ಅಂತ ಕೇಳುವವರಿದ್ದಾರೆ. ಸ್ವಲ್ಪ ನಂಬಿ. ಕಾನ್‌ನ ಪಾಮ್ ದೋರ್, ವೆನಿಸ್‌ನ ಗೋಲ್ಡನ್ ಲಯನ್, ಬರ್ಲಿನ್‌ನ ಗೋಲ್ಡನ್ ಬೇರ್, ದೊಡ್ಡ ಚಿತ್ರೋತ್ಸವಗಳ ಈ ಪ್ರಶಸ್ತಿಗಳು ಒಳ್ಳೆಯ ಸುಳಿವುಗಳು. ಪೋಸ್ಟರ್ ಮೇಲೆ ಎಲೆಯ ತೋರಣದ ಗುರುತು ಕಂಡರೆ ಒಳಗಿನ ಅಕ್ಷರ ಓದಿ. ‘ಅಫೀಷಿಯಲ್ ಸೆಲೆಕ್ಷನ್’ ಅಂದರೆ ಚಿತ್ರೋತ್ಸವಕ್ಕೆ ಆಯ್ಕೆಯಾಗಿತ್ತು ಅಂತ, ಗೆದ್ದಿತು ಅಂತಲ್ಲ.

ಸಿಗುತ್ತದಾ ನೋಡಿಕೊಳ್ಳಿ

ಹೇಳುವ ಮೊದಲು ನೀವೇ ಹುಡುಕಿ. ಓಟಿಟಿಗಳು ಚಿತ್ರದ ಹಕ್ಕನ್ನು ಬಹಳ ಸಲ ಇಂತಿಷ್ಟು ಕಾಲಕ್ಕೆ ಅಂತ ಪಡೆದಿರುತ್ತವೆ. ಹೋದ ತಿಂಗಳು ಇದ್ದದ್ದು ಈ ತಿಂಗಳು ಇರುವುದಿಲ್ಲ. ‘ಮುಬಿ’ಯಂಥ ತಾಣ ಇಂಥ ಚಿತ್ರಗಳಿಗಾಗಿಯೇ ಇದೆ, ದೊಡ್ಡ ಓಟಿಟಿಗಳಲ್ಲಿ ಭಾಷೆಯ ಹೆಸರು ಹಾಕಿ ಹುಡುಕಿದರೆ ಮುಖಪುಟದಲ್ಲಿ ಎಂದೂ ಕಾಣದವು ಮೇಲೆ ಬರುತ್ತವೆ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಿಡುಗಡೆಗೆ ಮೊದಲು ಚಿತ್ರದ ಹೆಸರು ಬದಲಿಸಿದಾಗ ಹಳೆಯ ಶೀರ್ಷಿಕೆಯ ಜೊತೆ ಕಾಪಿರೈಟ್ ಸಾಲೂ ಹಾರಿಹೋಯಿತು. ಹೀಗೆ ಭೂತದ ಸಿನಿಮಾಗಳ ದಿಕ್ಕನ್ನೇ ಬದಲಿಸಿದ ಚಿತ್ರ ಅಮೆರಿಕದಲ್ಲಿ ಎಲ್ಲರ ಸ್ವತ್ತಾಯಿತು. ನಿರ್ದೇಶಕ ಜಾರ್ಜ್ ರೊಮೆರೊ ಪಾಲಿಗೆ ಮಾತ್ರ ಅದು ದುಬಾರಿ ಮರೆವು.

ಟಿವಿಯನ್ನು ಹದ ಮಾಡಿ

ಹೆಚ್ಚಿನವರು ಹೇಳದೆ ಬಿಡುವುದು ಇದನ್ನೇ. ಅವರ ಮನೆಗೆ ಹೋದಾಗ ಐದು ನಿಮಿಷ ರಿಮೋಟ್ ಕೇಳಿ ಇಸಕೊಳ್ಳಿ.

ಸಿನಿಮಾ ಚಿತ್ರೀಕರಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ನಂತೆ, ಅಂದರೆ 24 ಬಿಡಿ ಚಿತ್ರ. ಇಂದಿನ ಟಿವಿಗಳು 60 ಅಥವಾ 120 ಸಲ ಚಿತ್ರ ಬದಲಿಸುತ್ತವೆ. ನಡುವೆ ಉಳಿದ ಜಾಗಕ್ಕೆ ಟಿವಿ ತಾನೇ ಊಹೆ ಮಾಡಿ ಫ್ರೇಮ್ ತುಂಬುತ್ತದೆ. ಕ್ರಿಕೆಟ್‌ಗೆ ಅದು ಚೆನ್ನ. ಸಿನಿಮಾಕ್ಕೆ ಹಾಗೆ ಮಾಡಿದರೆ ಎಲ್ಲವೂ ಜಾರಿದ ಹಾಗೆ, ಸೀರಿಯಲ್‌ನಂತೆ ಕಾಣುತ್ತದೆ. ‘ಏನೋ ಸರಿಯಿಲ್ಲ’ ಅನ್ನಿಸುತ್ತದೆ, ಆದರೆ ಬೈಗುಳ ತಿನ್ನುವುದು ಸಿನಿಮಾ. ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಹೋಗಿ ಅದನ್ನು ಆಫ್ ಮಾಡಿ. ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು: ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ‘ಫಿಲ್ಮ್‌ಮೇಕರ್ ಮೋಡ್’ ಅಂತ ಇದ್ದರೆ ಅದನ್ನೇ ಆರಿಸಿ, ಕೆಲಸ ಮುಗಿಯಿತು.

ಹಳೆಯ ಚಿತ್ರಗಳಿಗೆ ಎಡಬಲದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಆ ಕಾಲದ ಫ್ರೇಮ್ ಇದ್ದದ್ದೇ ಹೆಚ್ಚು ಕಡಿಮೆ ಚೌಕ. ‘ಪರದೆ ತುಂಬಾ ಬರಲಿ’ ಅಂತ ಎಳೆದರೆ ಎಲ್ಲರೂ ಊದಿಕೊಳ್ಳುತ್ತಾರೆ.

ಇನ್ನು ಸಬ್‌ಟೈಟಲ್. ಪಟ್ಟಿಯಲ್ಲಿ ‘ಸಿಸಿ’ ಅಂತ ಇದ್ದರೆ ಅದು ಕಿವಿ ಕೇಳಿಸದವರಿಗಾಗಿ ಮಾಡಿದ್ದು. ಬಾಗಿಲು ಕಿರುಗುಟ್ಟಿತು, ನಾಯಿ ಬೊಗಳಿತು ಅಂತ ಸದ್ದುಗಳನ್ನೂ ಬರೆಯುತ್ತದೆ. ಬೇಡವಾದರೆ ಅದಿಲ್ಲದ್ದನ್ನು ಆರಿಸಿ. ಅಕ್ಷರ ದೊಡ್ಡದು ಮಾಡಿ, ಹಿಂದೆ ತೆಳ್ಳಗೆ ಕಪ್ಪು ಬಣ್ಣ ಕೊಡಿ, ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ ಓದಲು ಕಣ್ಣು ಕಿರಿದು ಮಾಡುವುದು ತಪ್ಪುತ್ತದೆ. ‘ನಾನು ಅಷ್ಟು ಬೇಗ ಓದಲ್ಲಪ್ಪ’ ಅನ್ನುವವರಿಗೆ ಧೈರ್ಯ ಹೇಳಿ. ಸಾಮಾನ್ಯವಾಗಿ ಒಂದು ಸಲಕ್ಕೆ ಬರುವುದು ಎರಡೇ ಸಾಲು, ಹತ್ತು ಹದಿನೈದು ನಿಮಿಷದಲ್ಲಿ ಕಣ್ಣು ಪಳಗುತ್ತದೆ. ಆದರೆ ಒಂದು ಷರತ್ತು: ಬಟ್ಟೆ ಮಡಚುತ್ತಾ, ಫೋನ್ ತಿರುವುತ್ತಾ ಈ ಸಿನಿಮಾ ನೋಡಲಾಗದು. ಕಿವಿಯೊಂದನ್ನೇ ಟಿವಿ ಕಡೆ ಇಟ್ಟರೆ ಕೊರಿಯನ್ ಭಾಷೆ ಅರ್ಥವಾಗುವುದಿಲ್ಲ.

ಅರ್ಧಕ್ಕೆ ಬಿಟ್ಟರೆ ಬಿಡಲಿ

‘ಅರ್ಧ ಗಂಟೆ ನೋಡಿ, ಹಿಡಿಸದಿದ್ದರೆ ನಿಲ್ಲಿಸಿ’ ಅಂತ ಮೊದಲೇ ಹೇಳಿಬಿಡಿ. ಬಿಡುವ ಸ್ವಾತಂತ್ರ್ಯ ಇದ್ದಾಗಲೇ ಜನ ಪೂರ್ತಿ ನೋಡುವುದು. ಪಕ್ಕದಲ್ಲಿ ಕೂತು ‘ಈಗ ನೋಡಿ, ಈಗ ನೋಡಿ’ ಅಂತ ಮುಖ ನೋಡಬೇಡಿ. ನಾನು ಮಾಡಿದ್ದೇನೆ. ಎದ್ದು ಹೋಗು ಅಂದರು.

ನೋಡಿದ ಮೇಲೆ ‘ಹೇಗಿತ್ತು’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಯಾವ ಪಾತ್ರ ನೆನಪಲ್ಲಿ ಉಳೀತು’ ಅಂತ ಕೇಳಿ. ಆ ಉತ್ತರದಲ್ಲೇ ಮುಂದಿನ ಸಿನಿಮಾ ಇರುತ್ತದೆ.

ಎರಡು ವರ್ಷದ ಮೌನ ಮುಗಿದ ಮೇಲೆ ಭಾವನಿಗೆ ನಾನು ಕೊಟ್ಟದ್ದು ‘ಚಿಲ್ಡ್ರನ್ ಆಫ್ ಹೆವನ್’. ಮರುದಿನ ಫೋನ್ ಮಾಡಿದ್ದು ಅಕ್ಕ. ‘ಆ ಹುಡುಗಿ ಶೂ ಬಿಚ್ಚಿ ಕೊಡೋಕೆ ಓಡಿ ಬರ್ತಾಳಲ್ಲ, ನಿಮ್ಮ ಭಾವ ಅಲ್ಲಿ ಎದ್ದು ನೀರು ಕುಡಿಯೋಕೆ ಹೋದ್ರು. ಬಂದಾಗ ಕಣ್ಣು ಕೆಂಪಗಿತ್ತು.’ ಅಲ್ಲಿಂದ ಕಿಯಾರೊಸ್ತಮಿ, ಅಲ್ಲಿಂದ ಫರ್ಹಾದಿ, ಒಂದೇ ದೇಶದಲ್ಲಿ ಆರು ತಿಂಗಳು. ‘ಟೋಕಿಯೊ ಸ್ಟೋರಿ’ ಹೆಸರನ್ನು ನಾನಾಗಿ ಇನ್ನೂ ಎತ್ತಿಲ್ಲ. ಮೊನ್ನೆ ಅವರೇ ಕೇಳಿದರು, ‘ಆ ಅಜ್ಜ ಅಜ್ಜಿ ಸಿನಿಮಾ ಎಷ್ಟು ಹೊತ್ತಿತ್ತೋ?’