ಪರಿಸರ ಕಾನೂನು ಸಂಶೋಧಕರಾಗಬೇಕಾ? ಹೀಗೆ ಶುರು ಮಾಡಿ

ಕೋರ್ಟಿನಲ್ಲಿ ವಾದ ಮಾಡೋದಕ್ಕಿಂತ ಕಡತ ಓದೋದು ಇಷ್ಟ ಅನ್ನುವವರಿಗೆ ಇದು ಒಳ್ಳೆ ದಾರಿ. ಸಂಬಳ ಮಾತ್ರ ಶುರುವಿನಲ್ಲಿ ಕಮ್ಮಿ.

1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಇವನ್ನು ಮೂಲದಲ್ಲೇ ಓದಿ. ಗೈಡ್ ಬೇಡ. ತಿದ್ದುಪಡಿಗಳನ್ನೂ ಬಿಡಬೇಡಿ. 2024ರ ತಿದ್ದುಪಡಿ ಜಲ ಕಾಯ್ದೆಯ ಎಷ್ಟೋ ತಪ್ಪುಗಳಿಗೆ ಜೈಲು ತೆಗೆದು 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು, ಆದರೆ ನೀರು ರಾಜ್ಯದ ವಿಷಯ ಆಗಿರೋದರಿಂದ ಅದು ಎಲ್ಲ ಕಡೆ ತಾನಾಗೇ ಜಾರಿಯಾಗಲ್ಲ, ನೀವು ಬರೆಯುತ್ತಿರುವ ರಾಜ್ಯದ ವಿಧಾನಸಭೆ ಅದನ್ನು ಒಪ್ಪಿದೆಯಾ ಅಂತ ಮೊದಲು ನೋಡಬೇಕು.

ತೀರ್ಪುಗಳಲ್ಲಿ 1996ರ ವೆಲ್ಲೂರು ಚರ್ಮ ಹದ ಮಾಡುವ ಕಾರ್ಖಾನೆಗಳ ಕೇಸಿನಿಂದ ಶುರು ಮಾಡಿ. ಮಾಲಿನ್ಯ ಮಾಡಿದವರೇ ಬೆಲೆ ತೆರಬೇಕು ಅನ್ನೋದು ನಮ್ಮ ಕಾನೂನಿನ ಭಾಗ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅಲ್ಲೇ. ಆಮೇಲೆ ಬೆಳ್ಳಂದೂರು ಕೆರೆ ಬಗ್ಗೆ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶಗಳನ್ನು ಓದಿ.

ನಿಜವಾದ ಕೆಲಸ ಇರೋದು ದಾಖಲೆಗಳಲ್ಲಿ. ಯಾವುದಾದರೂ ಒಂದು ಕಾರ್ಖಾನೆ ಆರಿಸಿಕೊಳ್ಳಿ. ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ ಮತ್ತು ನೀರಿನ ಪರೀಕ್ಷಾ ವರದಿಗಳನ್ನು ಆರ್‌ಟಿಐ ಹಾಕಿ ತರಿಸಿ ಪಕ್ಕಪಕ್ಕ ಇಡಿ. ಪತ್ರದಲ್ಲಿ ಬಿಒಡಿ (ನೀರಿನಲ್ಲಿರುವ ಕೊಳೆ ಒಡೆಯೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಇದು ಹೆಚ್ಚಿದ್ದಷ್ಟೂ ನೀರು ಕೊಳಕು) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಅಂತಿದ್ದು, ವರದಿಯಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಜಾಸ್ತಿ ಇದ್ದರೆ, ಮಂಡಳಿ ನೋಟಿಸ್ ಕೊಟ್ಟಿತಾ, ಕೊಟ್ಟು ಸುಮ್ನೆ ಕೂತಿತಾ? ನಿಮ್ಮ ಮೊದಲ ಸಂಶೋಧನಾ ಪ್ರಶ್ನೆ ಅದೇ ಅಲ್ವಾ.

ಆ ಒಂದು ಕಾರ್ಖಾನೆಯ ಬಗ್ಗೆ ಎಂಟು ಪುಟ ಬರೆದು ಕೆಲಸದ ಅರ್ಜಿ ಜೊತೆ ಕಳಿಸಿ.