ಹಳೇ ಪೆಟ್ಟಿಗೆಯ ಕುಟ್ಟೆ ಫ್ರೀಜರ್‌ನಲ್ಲಿ ಸತ್ತಿತು

ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಒಂದು ಹಳೇ ಮರದ ಸಾಂಬಾರ ಪೆಟ್ಟಿಗೆ ಸಿಕ್ಕಿತ್ತು. ಒಳಗೆ ಆರು ಮನೆ. ಮುಚ್ಚಳ ಸರಿಸಿದರೆ ಈಗಲೂ ಸಣ್ಣಗೆ ಮೆಂತ್ಯದ ವಾಸನೆ. ನನ್ನ ಬಣ್ಣದ ಟ್ಯೂಬ್‌ಗಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ವಾರದೊಳಗೆ ಮೇಜಿನ ಮೇಲೆ ಹಿಟ್ಟಿನಂಥ ಪುಡಿ ಕಂಡಿತು. ಒರೆಸಿದೆ, ಮರುದಿನ ಮತ್ತೆ ಬಿದ್ದಿತ್ತು. ತಿರುಗಿಸಿ ನೋಡಿದರೆ ಅಂಚಿನಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು. ಎಲ್ಲವೂ ಬಿಳಿಚಿದ ಭಾಗದಲ್ಲೇ, ಕಪ್ಪಗಿನ ತಿರುಳಿನಲ್ಲಿ ಒಂದೂ ಇಲ್ಲ. ಕುಟ್ಟೆ ಹುಳಕ್ಕೆ ಬೇಕಾದ ಪಿಷ್ಟ ಇರುವುದು ಆ ಬಿಳಿ ಭಾಗದಲ್ಲೇ.

ಮೊದಲು ಸೀಮೆಎಣ್ಣೆ ಸವರಿದೆ. ವಾಸನೆ ಉಳಿಯಿತು, ಪುಡಿಯೂ ನಿಲ್ಲಲಿಲ್ಲ. ಮರಿಹುಳ ಇರುವುದು ಒಳಗೆ, ಎಣ್ಣೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ ಅಲ್ವಾ?

ಕೆಲಸ ಮಾಡಿದ್ದು ಚಳಿ. ಪೆಟ್ಟಿಗೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು, ಟೇಪ್ ಅಂಟಿಸಿದೆ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಪೂರ್ತಿ 2 ವಾರ ಇಟ್ಟೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಲೇ ಇಲ್ಲ. ಇದು ತುಂಬಾ ಮುಖ್ಯ, ಆತುರಪಟ್ಟರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ. ಬಣ್ಣ ಬಳಿದ, ಗಾಜು ಅಥವಾ ದಂತ ಕೂರಿಸಿದ ಸಾಮಾನಿಗೆ ಮಾತ್ರ ಹೀಗೆ ಮಾಡಬೇಡಿ.

ಆಮೇಲೆ ತೂತುಗಳಿಗೆ ಜೇನುಮೇಣ ತುಂಬಿದೆ. ಕೆಳಗೆ ಕಪ್ಪು ಕಾಗದ ಹಾಸಿಟ್ಟಿದ್ದೇನೆ, ಹೊಸ ಪುಡಿ ಬಿದ್ದರೆ ತಕ್ಷಣ ಕಾಣಲಿ ಅಂತ. ಒಂದು ಮಳೆಗಾಲ ಕಳೆಯಿತು, ಕಾಗದ ಇನ್ನೂ ಕಪ್ಪಗೇ ಇದೆ.